ಉದ್ಯಾನದೊಳಗಿನ ಹಾದಿ: ಒಂದು ವಿಮರ್ಶೆ

೧

ಕಾವ್ಯ, ಶಾಸನ, ವ್ಯಾಕರಣಗಳ ವಿಚಾರಕ್ಕೆ ಮೀಸಲಾದ ಸಂಚಿಕೆಯಲ್ಲಿ ಒಂದು ರಸ್ತೆಯನ್ನು ವಿಮರ್ಶೆಗೆ ಎತ್ತಿಕೊಂಡಿರುವುದು ಕೆಲವು ವಾಚಕರಿಗೆ ವಿಲಕ್ಷಣವೆಂದು ತೋರಬಹುದು. ಆದರೆ ವಿಮರ್ಶೆಗೆ ವಿಷಯವಾಗುವುದು ಬರೆಹವೊಂದೇ ಅಲ್ಲವೆಂಬುದು ನಮ್ಮಲ್ಲಿ ಬಹುಕಾಲದಿಂದ ಒಪ್ಪಿತವಾದ ಮಾತು. ೧೨೨೪ರಲ್ಲಿ ಪೋಲಾಳ್ವ ದಂಡನಾಯಕನು ಹರಿಹರದಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಶಾಸನಗಳನ್ನು ಓದುವವರು ಅದರ ಮಂಟಪವನ್ನೂ ಕಂಬಗಳ ಸಾಲನ್ನೂ ಅಷ್ಟೇ ಶ್ರದ್ಧೆಯಿಂದ ಓದುತ್ತಾರೆ. ಅಲ್ಲಿ ಒಬ್ಬ ಕರ್ತೃವಿದ್ದಾನೆ, ಒಂದು ಉದ್ದೇಶವಿದೆ, ಭಾಗಗಳನ್ನು ಒಂದಕ್ಕೊಂದು ಹೊಂದಿಸಿದ ಒಂದು ಕ್ರಮವಿದೆ, ಅದನ್ನು ಅನುಭವಿಸುವ ಸಹೃದಯನಿದ್ದಾನೆ. ಈ ನಾಲ್ಕೂ ಇರುವ ವಸ್ತುವನ್ನು ಕೃತಿಯೆಂದು ಕರೆಯಲು ಅಡ್ಡಿಯಿಲ್ಲ. ಉದ್ಯಾನವೂ ಅಂತಹ ಕೃತಿಯೇ ಸರಿ.

ಪ್ರಕೃತ ನಮ್ಮ ಮುಂದಿರುವ ಪ್ರಶ್ನೆ ಇದು: ಮೋಟಾರುಗಳ ವಶವಾಗಿರುವ ಉದ್ಯಾನದ ರಸ್ತೆಯನ್ನು ಬಿಡಿಸಿಕೊಂಡು, ಹಸಿರು ಮಾಡಿ, ನಡೆಯುವವರಿಗೂ ಸೈಕಲ್ ತುಳಿಯುವವರಿಗೂ ಒಪ್ಪಿಸುವುದೆಂದರೆ ಏನು? ಅದು ಹಳೆಯ ಕೃತಿಯ ಉದ್ಧಾರವೋ, ದೋಷದ ತಿದ್ದುಪಡಿಯೋ, ಅಥವಾ ಹೊಸತೊಂದು ರಚನೆಯೋ? ಇದು ಬರಿಯ ಮಾತಿನ ಜಿಜ್ಞಾಸೆಯಲ್ಲ. ಯಾವ ಉತ್ತರವನ್ನು ಒಪ್ಪುತ್ತೇವೆಯೋ ಅದರಂತೆ ಕೆಲಸದ ದಾರಿಯೂ ಬೇರೆಯಾಗುತ್ತದೆ. ಬೆಂಗಳೂರಿನ ಕಬ್ಬನ್ ಉದ್ಯಾನ ಈ ಪರೀಕ್ಷೆಗೆ ನಮಗೆ ಅತ್ಯಂತ ಸಮೀಪದ ನಿದರ್ಶನ. ದಾವಣಗೆರೆ, ಹರಿಹರಗಳಂತಹ ಬೆಳೆಯುತ್ತಿರುವ ಊರುಗಳು ಇದರಿಂದ ಕಲಿಯಬೇಕಾದುದು ಬಹಳವಿರುವುದರಿಂದ ಅದನ್ನೇ ಮುಖ್ಯವಾಗಿಟ್ಟುಕೊಂಡು ವಿಚಾರಿಸೋಣ.

೨

ಕಬ್ಬನ್ ಉದ್ಯಾನ ರೂಪುಗೊಂಡದ್ದು ೧೮೭೦ರಲ್ಲಿ. ಆಗ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿ ಅದರ ಕರ್ತೃ. ಮೊದಲು ಸುಮಾರು ೧೦೦ ಎಕರೆಯಷ್ಟಿದ್ದ ಉದ್ಯಾನ ಕಾಲಕ್ರಮದಲ್ಲಿ ವಿಸ್ತಾರಗೊಂಡಿತು. ಹಂಗಾಮಿ ಕಮಿಷನರಾಗಿದ್ದ ಜಾನ್ ಮೀಡರ ಹೆಸರಿನಿಂದ ಮೊದಲು ಅದು ಮೀಡ್ಸ್ ಪಾರ್ಕ್ ಎನಿಸಿಕೊಂಡಿತು. ಬಳಿಕ ಮಾರ್ಕ್ ಕಬ್ಬನ್ನರ ಹೆಸರು ಬಂತು. ೧೯೨೭ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವದ ನೆನಪಿಗಾಗಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ನಾಮಕರಣವಾಯಿತು. ಕಾಗದಪತ್ರಗಳಲ್ಲಿ ಈ ಹೆಸರಿದ್ದರೂ ಜನರ ನಾಲಗೆಯ ಮೇಲೆ ಇಂದಿಗೂ ನಿಂತಿರುವುದು ಕಬ್ಬನ್ ಪಾರ್ಕ್ ಎಂಬ ಮಾತೇ. ೧೮೬೮ರ ಅಠಾರ ಕಚೇರಿಯ ಕೆಂಪು ಕಟ್ಟಡ, ಬ್ಯಾಂಡ್‌ಸ್ಟ್ಯಾಂಡ್, ೧೯೧೫ರ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ಗ್ರಂಥಾಲಯ, ಮಕ್ಕಳ ಬಾಲಭವನ, ಇವೆಲ್ಲ ಉದ್ಯಾನಕ್ಕೆ ಒಂದೊಂದು ಕಾಲದ ಗುರುತನ್ನು ಕೊಟ್ಟಿವೆ. ೧೯೭೫ರಲ್ಲಿ ಸರಕಾರಿ ಉದ್ಯಾನಗಳ ಸಂರಕ್ಷಣೆಗಾಗಿ ರಾಜ್ಯದ ಶಾಸನಸಭೆ ಒಂದು ಕಾಯಿದೆಯನ್ನೇ ಮಾಡಿತು.

ಇಷ್ಟೆಲ್ಲ ರಕ್ಷಣೆಯಿದ್ದೂ ಉದ್ಯಾನದ ಒಳಗಿನ ರಸ್ತೆಗಳು ನಗರದ ಸಾಮಾನ್ಯ ವಾಹನಮಾರ್ಗಗಳಾಗಿಹೋದುವು. ಹಡ್ಸನ್ ವೃತ್ತದ ಕಡೆಯಿಂದ ಬಂದ ಮೋಟಾರು ಹೈಕೋರ್ಟಿನ ಕಡೆಗೋ, ಸಿದ್ದಲಿಂಗಯ್ಯ ವೃತ್ತದ ಕಡೆಗೋ, ರಾಣಿಯ ಪ್ರತಿಮೆಯ ಕಡೆಗೋ ಉದ್ಯಾನವನ್ನು ಸೀಳಿಕೊಂಡು ಹೋಗುತ್ತದೆ. ಅದರಲ್ಲಿ ಕುಳಿತವನಿಗೆ ಉದ್ಯಾನ ಬೇಕಾಗಿಲ್ಲ, ಉದ್ಯಾನದ ಆಚೆಗಿರುವ ಊರು ಬೇಕು. ಹೀಗಿರಲಾಗಿ ಈ ರಸ್ತೆಗಳನ್ನು ಮುಚ್ಚಬೇಕೆಂಬ ಬೇಡಿಕೆ ಹುಟ್ಟಿದ್ದು ಸಹಜ. ೨೦೧೫ರಲ್ಲಿ ಭಾನುವಾರಗಳಂದು ವಾಹನಗಳನ್ನು ತಡೆಯುವ ಪದ್ಧತಿ ಆರಂಭವಾಯಿತು. ೨೦೨೦ರ ಮಾರ್ಚಿಯಲ್ಲಿ ಕೊರೋನ ವ್ಯಾಧಿಯ ಕಾರಣದಿಂದ ಊರೇ ಬಾಗಿಲು ಹಾಕಿಕೊಂಡಾಗ ಈ ರಸ್ತೆಗಳು ತಿಂಗಳುಗಟ್ಟಲೆ ನಿಶ್ಶಬ್ದವಾದುವು. ಅದೇ ವರ್ಷ ಅವುಗಳನ್ನು ಮತ್ತೆ ವಾಹನಗಳಿಗೆ ತೆರೆದಾಗ ವಾಯುಸೇವನೆಗೆ ಬರುವವರು ಗಟ್ಟಿಯಾಗಿಯೇ ಆಕ್ಷೇಪಿಸಿದರು. ಶನಿವಾರವನ್ನೂ ಸೇರಿಸಬೇಕೆ ಬೇಡವೆ ಎಂಬ ಚರ್ಚೆ ಅನಂತರವೂ ಹಲವು ಬಾರಿ ಎದ್ದಿದೆ.

೩

ರಸ್ತೆಯನ್ನು ಮುಚ್ಚಬೇಕೆನ್ನುವವರು ಸಾಮಾನ್ಯವಾಗಿ ಆಡುವ ಮಾತು: ಉದ್ಯಾನವನ್ನು ಅದರ ಮೂಲರೂಪಕ್ಕೆ ಮರಳಿಸಬೇಕು. ಈ ಮಾತು ಮನಸ್ಸಿಗೆ ಹಿತವಾಗಿದೆ. ಆದರೆ ಪರೀಕ್ಷೆಗೆ ನಿಲ್ಲುವುದಿಲ್ಲವೆಂದು ಹೇಳದೆ ವಿಧಿಯಿಲ್ಲ.

ಪ್ರಾಚೀನ ಕಾವ್ಯವನ್ನು ಸಂಪಾದಿಸುವವನು ತನಗೆ ಒಪ್ಪದ ಪದ್ಯವನ್ನೆಲ್ಲ ಪ್ರಕ್ಷಿಪ್ತವೆಂದು ತೆಗೆದುಹಾಕುವಂತಿಲ್ಲ. ಪ್ರತಿಗಳ ಸಾಕ್ಷ್ಯವನ್ನು ನೋಡಬೇಕು. ಕಬ್ಬನ್ ಉದ್ಯಾನದ ವಿಷಯದಲ್ಲಿ ಸಾಕ್ಷ್ಯ ರಸ್ತೆಯ ಪರವಾಗಿಯೇ ಇದೆ. ಹತ್ತೊಂಬತ್ತನೆಯ ಶತಮಾನದ ಉಪವನದಲ್ಲಿ ಗಾಡಿಯ ದಾರಿ ಹೊರಗಿನಿಂದ ನುಗ್ಗಿದ ವಸ್ತುವಲ್ಲ. ಅದೇ ರಚನೆಯ ಬೆನ್ನೆಲುಬು. ಸಾರೋಟುಗಳಲ್ಲಿ ಕುಳಿತು ಮರಗಳ ನಡುವೆ ನಿಧಾನವಾಗಿ ಸುತ್ತುವುದು, ಬ್ಯಾಂಡಿನ ವಾದ್ಯವನ್ನು ಕೇಳುವುದು, ಪರಿಚಿತರನ್ನು ಕಂಡು ಮಾತನಾಡುವುದು, ಇದು ಆ ಕಾಲದ ಗಣ್ಯರ ವಿಹಾರಕ್ರಮ. ದಾರಿ ಬಳಸಿಕೊಂಡು ಹೋದಷ್ಟೂ ನೋಟಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಆದ್ದರಿಂದ ರಸ್ತೆ ಪ್ರಕ್ಷಿಪ್ತವಲ್ಲ, ಅದು ಮೂಲಪಾಠದಲ್ಲಿಯೇ ಇದೆ. ಮೂಲಕ್ಕೆ ಮರಳುವುದೇ ಗುರಿಯಾದರೆ ನಾವು ಸಾರೋಟುಗಳನ್ನೂ, ಅವುಗಳಲ್ಲಿ ಕುಳಿತಿದ್ದ ಕೆಲವರನ್ನೂ ಕರೆತರಬೇಕಾಗುತ್ತದೆ, ಕಾಲ್ನಡೆಯ ಬಹುಜನರನ್ನಲ್ಲ.

ಹಾಗಾದರೆ ಕೆಟ್ಟದ್ದು ಯಾವುದು? ಇಲ್ಲಿ ಭಾಷೆಯ ಚರಿತ್ರೆ ನಮಗೆ ನೆರವಾಗುತ್ತದೆ. ಶಬ್ದದ ರೂಪ ಹಾಗೆಯೇ ಉಳಿದು ಅರ್ಥ ಬೇರೆಯಾಗುವುದನ್ನು ನಾವು ಅರ್ಥಪಲ್ಲಟವೆನ್ನುತ್ತೇವೆ. ಉದ್ಯಾನದ ರಸ್ತೆಗೆ ಆದದ್ದು ಇದೇ. ಅಗಲ ಅದೇ, ತಿರುವು ಅದೇ, ಎರಡು ಬದಿಯ ಮರಗಳೂ ಬಹುಮಟ್ಟಿಗೆ ಅವೇ. ಬದಲಾದುದು ಗತಿ. ಕುದುರೆಯ ಹೆಜ್ಜೆಗೆ ಹೊಂದಿಸಿದ ತಿರುವಿನಲ್ಲಿ ಎಂಜಿನ್ನಿನ ವೇಗ ಬಂದು ಕುಳಿತಾಗ, ನೋಡುವುದಕ್ಕಾಗಿ ಇದ್ದ ದಾರಿ ದಾಟುವುದಕ್ಕಾಗಿ ಇರುವ ದಾರಿಯಾಯಿತು. ನಮ್ಮ ಕಾವ್ಯಮೀಮಾಂಸೆಯಲ್ಲಿ ಮಾರ್ಗವೆಂಬ ಶಬ್ದಕ್ಕಿರುವ ಅರ್ಥವನ್ನು ಇಲ್ಲಿ ನೆನೆಯಬಹುದು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ದಕ್ಷಿಣ, ಉತ್ತರವೆಂಬ ಎರಡು ಮಾರ್ಗಗಳನ್ನು ವಿವರಿಸುವಾಗ ಅದು ಹೇಳುತ್ತಿರುವುದು ಯಾವುದೋ ನೆಲದ ಪಟ್ಟಿಯನ್ನು ಕುರಿತಲ್ಲ, ಕವಿಗಳು ನಡೆಯುವ ರೀತಿಯನ್ನು ಕುರಿತು. ರಸ್ತೆಗೂ ಈ ಮಾತು ಸಲ್ಲುತ್ತದೆ. ಅದರ ಮೇಲೆ ಹೋಗುವ ರೀತಿ ಬದಲಾದರೆ ಮಾರ್ಗವೇ ಬದಲಾದಂತೆ.

ಇದರಿಂದ ಒಂದು ನಿರ್ಣಯ ಹೊರಡುತ್ತದೆ. ಈ ರಸ್ತೆಗಳನ್ನು ನಡೆಯುವವರಿಗೆ ಕೊಡುವುದು ಪುನರುದ್ಧಾರವಲ್ಲ, ಹೊಸ ರಚನೆ. ಹಿಂದೆ ಎಂದೂ ಅಲ್ಲಿಲ್ಲದ ಒಂದು ಮಾರ್ಗವನ್ನು ಅಲ್ಲಿ ಬರೆಯುವ ಕೆಲಸ. ಚರಿತ್ರೆಯ ಹೆಸರಿನಲ್ಲಿ ಅದನ್ನು ಸಮರ್ಥಿಸುವ ಅಗತ್ಯವಿಲ್ಲ. ಇಂದಿನ ಔಚಿತ್ಯದಿಂದ ಸಮರ್ಥಿಸಬಹುದು, ಸಮರ್ಥಿಸಬೇಕು.

೪

ಹೊಸ ರಚನೆಯೆಂದು ಒಪ್ಪಿದ ಮೇಲೆ ಈಗ ಆಗಿರುವ ಕೆಲಸದ ಗುಣದೋಷಗಳನ್ನು ನೋಡುವುದು ಸುಲಭ. ಭಾನುವಾರದ ಬೆಳಗ್ಗೆ ಕಬ್ಬನ್ ಉದ್ಯಾನಕ್ಕೆ ಹೋದವರಿಗೆ ಮೊದಲು ತಿಳಿಯುವುದು ಕಿವಿಯಿಂದ: ಹಕ್ಕಿಗಳ ದನಿ, ಮಕ್ಕಳ ಕೂಗು, ಒಣ ಎಲೆಗಳ ಮೇಲಿನ ಹೆಜ್ಜೆಯ ಸಪ್ಪಳ. ಸೈಕಲ್ ಕಲಿಯುವ ಮಗು ನಡುರಸ್ತೆಯಲ್ಲಿ ನಿರ್ಭಯವಾಗಿ ಬೀಳುತ್ತದೆ, ಏಳುತ್ತದೆ. ಮುದುಕರು ಹಿಂದೆ ತಿರುಗಿ ನೋಡದೆ ನಡೆಯುತ್ತಾರೆ. ಈ ಲಾಭವನ್ನು ಯಾರೂ ಅಲ್ಲಗಳೆಯಲಾರರು.

ದೋಷವೂ ಅಲ್ಲಿಯೇ ಇದೆ. ವಾಹನ ಹೋಯಿತು, ವಾಹನಕ್ಕಾಗಿ ಮಾಡಿದ ನೆಲ ಉಳಿಯಿತು. ಅದೇ ಡಾಂಬರು, ಅದೇ ಅಗಲ, ಅದೇ ಅಂಚುಗಲ್ಲು. ವೇಷಧಾರಿಗಳು ಹೊರಟುಹೋದ ಮೇಲೆ ಬರಿದಾಗಿ ನಿಂತ ರಂಗಸ್ಥಳದಂತೆ ರಸ್ತೆ ತನ್ನ ಹಳೆಯ ಪಾತ್ರಧಾರಿಗಾಗಿ ಕಾಯುತ್ತಿರುತ್ತದೆ, ಸೋಮವಾರ ಅವನು ಬರುತ್ತಾನೆ. ವಾರಕ್ಕೊಂದು ದಿನ ಅಡ್ಡಗಟ್ಟೆಯನ್ನು ಇಡುವುದು ಆಜ್ಞೆ, ಅದು ರಚನೆಯಲ್ಲ. ಆಜ್ಞೆಯನ್ನು ಇನ್ನೊಂದು ಆಜ್ಞೆ ಕ್ಷಣದಲ್ಲಿ ರದ್ದುಮಾಡಬಲ್ಲುದು. ೨೦೨೦ರಲ್ಲಿ ನಾವು ಕಂಡದ್ದು ಅದನ್ನೇ. ಡಾಂಬರನ್ನು ಕಿತ್ತು, ದಾರಿಯನ್ನು ಕಿರಿದು ಮಾಡಿ, ಮಳೆಯ ನೀರು ಇಂಗುವ ನೆಲವನ್ನು ಹರಡಿ, ಬುಡದವರೆಗೆ ಒತ್ತಿಬಂದ ಗಟ್ಟಿನೆಲದಿಂದ ಮರಗಳ ಬೇರುಗಳನ್ನು ಬಿಡಿಸಿ, ನಡೆಯುವವರಿಗೊಂದು ಪಟ್ಟಿ, ಸೈಕಲ್ಲಿಗೊಂದು ಪಟ್ಟಿ ಎಂದು ಬೇರೆಮಾಡಿದರೆ ಮಾತ್ರ ಹೊಸ ಮಾರ್ಗಕ್ಕೆ ಹೊಸ ದೇಹ ಬಂದೀತು. ಹಾಗೆ ಮಾಡಿದ ದಾರಿಯನ್ನು ಮತ್ತೆ ಮೋಟಾರುಗಳಿಗೆ ಕೊಡುವುದು ಒಂದು ಸಹಿಯಿಂದ ಆಗುವ ಕೆಲಸವಲ್ಲ.

ಇದಕ್ಕೆ ವಿರುದ್ಧವಾದ ವಾದವನ್ನೂ ನ್ಯಾಯವಾಗಿ ಕೇಳಬೇಕು. ಉದ್ಯಾನದ ರಸ್ತೆ ಮುಚ್ಚಿದರೆ ಅದರ ಭಾರ ಕಸ್ತೂರ್ಬಾ ರಸ್ತೆಯೇ ಮೊದಲಾದ ಸುತ್ತಲಿನ ಬೀದಿಗಳ ಮೇಲೆ ಬೀಳುತ್ತದೆ; ನ್ಯಾಯಾಲಯಕ್ಕೆ, ಗ್ರಂಥಾಲಯಕ್ಕೆ ಬರುವವರಿಗೆ ತೊಂದರೆಯಾಗುತ್ತದೆ; ನಡೆಯಲಾರದ ಮುದುಕರಿಗೂ ಅಂಗವಿಕಲರಿಗೂ ಉದ್ಯಾನವೇ ದೂರವಾಗುತ್ತದೆ ಎಂಬುದು ಆ ವಾದ. ಈ ಮೂರು ಆಕ್ಷೇಪಗಳು ಒಂದೇ ತೂಕದವಲ್ಲ. ಅವುಗಳನ್ನು ಬಿಡಿಸಿ ನೋಡಲು ಹೊರನಾಡಿನ ಎರಡು ನಿದರ್ಶನಗಳು ಸಹಾಯಕವಾಗಿವೆ.

ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ ೧೮೫೮ರಲ್ಲಿ ನಕ್ಷೆ ಮಾಡಿದ ಓಲ್ಮ್‌ಸ್ಟೆಡ್ ಮತ್ತು ವಾಕ್ಸ್ ಎಂಬ ಇಬ್ಬರು, ಉದ್ಯಾನಕ್ಕೆ ಬರುವವರು ಬೇರೆ, ಉದ್ಯಾನವನ್ನು ಹಾಯ್ದುಹೋಗುವವರು ಬೇರೆ ಎಂಬ ವಿವೇಕವನ್ನು ಮೊದಲೇ ತೋರಿದರು. ಊರಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಹಾಯುವ ಗಾಡಿಗಳಿಗೆ ನಾಲ್ಕು ಅಡ್ಡರಸ್ತೆಗಳನ್ನು ಉದ್ಯಾನದ ಮಟ್ಟಕ್ಕಿಂತ ಕೆಳಗೆ ತೋಡಿಸಿ ಕಣ್ಣಿಗೆ ಬೀಳದಂತೆ ಮಾಡಿದರು. ಮೇಲಿನ ವಿಹಾರದ ದಾರಿಗಳಿಗೆ ಮುಂದೆ ಮೋಟಾರು ಹೊಕ್ಕಿತಾದರೂ, ೨೦೧೮ರ ಜೂನಿನಲ್ಲಿ ಅವುಗಳನ್ನು ಪೂರ್ತಿಯಾಗಿ ವಾಹನಮುಕ್ತಗೊಳಿಸಿದಾಗ ಹಾಯುವವರಿಗೆ ಆ ತಗ್ಗುರಸ್ತೆಗಳು ಇದ್ದೇ ಇದ್ದುವು. ಸ್ಯಾಂಕಿಯ ರಚನೆಯಲ್ಲಿ ಈ ಭೇದವಿಲ್ಲ. ಕಬ್ಬನ್ ಉದ್ಯಾನದ ಇಂದಿನ ಕಷ್ಟದ ಬೀಜ ಇರುವುದು ಇಲ್ಲಿ. ಕರ್ತೃವಿನ ಕಾಲಕ್ಕೆ ಅದು ದೋಷವಾಗಿರಲಿಲ್ಲ. ಊರು ಬೆಳೆದು ದೋಷವಾಯಿತು.

ಎರಡನೆಯ ನಿದರ್ಶನ ಸ್ಯಾನ್ ಫ್ರಾನ್ಸಿಸ್ಕೋ ನಗರದ ಗೋಲ್ಡನ್ ಗೇಟ್ ಪಾರ್ಕ್. ಅಲ್ಲಿಯೂ ಮುಖ್ಯರಸ್ತೆಯ ಒಂದು ಭಾಗವನ್ನು ೨೦೨೦ರ ವ್ಯಾಧಿಯ ಕಾಲದಲ್ಲಿ ವಾಹನಗಳಿಗೆ ಮುಚ್ಚಿದರು. ಉದ್ಯಾನದಲ್ಲಿರುವ ವಸ್ತುಸಂಗ್ರಹಾಲಯದ ಕಡೆಯವರೂ, ಅಂಗವಿಕಲರ ಪರವಾಗಿ ಮಾತನಾಡಿದವರೂ ವಿರೋಧಿಸಿದರು. ವಾದವಿವಾದ ಎರಡು ವರ್ಷ ನಡೆದು, ೨೦೨೨ರ ಏಪ್ರಿಲಿನಲ್ಲಿ ನಗರದ ಆಡಳಿತ ಮಂಡಲಿ ಮುಚ್ಚುವಿಕೆಯನ್ನು ಶಾಶ್ವತಗೊಳಿಸಿತು. ಅದೇ ವರ್ಷದ ನವೆಂಬರಿನಲ್ಲಿ ಮತದಾರರೂ ಅದನ್ನು ಎತ್ತಿಹಿಡಿದರು. ಇಲ್ಲಿ ಗಮನಿಸಬೇಕಾದುದು ಗೆಲವಿನ ಮಾತಲ್ಲ. ನಡೆಯಲಾರದವರ ಪ್ರಶ್ನೆಯನ್ನು ಅಲ್ಲಿ ತಳ್ಳಿಹಾಕಲಾಗಲಿಲ್ಲ. ಉದ್ಯಾನದೊಳಗೆ ಓಡಾಡುವ ಉಚಿತ ವಾಹನದ ಏರ್ಪಾಟು ಚರ್ಚೆಯ ಭಾಗವಾಗಿಯೇ ಇತ್ತು.

ಈ ಎರಡರ ಬೆಳಕಿನಲ್ಲಿ ನಮ್ಮ ಮೂರು ಆಕ್ಷೇಪಗಳನ್ನು ತೂಗಬಹುದು. ಹಾಯುವವನ ಆಕ್ಷೇಪ ಉದ್ಯಾನದ ಮೇಲಿನ ಹಕ್ಕಲ್ಲ. ಅದಕ್ಕೆ ಪರಿಹಾರವನ್ನು ಊರಿನ ಸಾರಿಗೆಯಲ್ಲಿ ಹುಡುಕಬೇಕು. ೨೦೧೬ರ ಏಪ್ರಿಲಿನಿಂದ ಉದ್ಯಾನದ ಅಂಚಿನಲ್ಲಿಯೇ ನೆಲದಡಿಯ ಮೆಟ್ರೋ ನಿಲ್ದಾಣವಿದೆ ಎಂಬುದನ್ನು ಮರೆಯಬಾರದು. ನ್ಯಾಯಾಲಯಕ್ಕೂ ಗ್ರಂಥಾಲಯಕ್ಕೂ ಬರುವವರ ಆಕ್ಷೇಪಕ್ಕೆ ಅಂಚಿನವರೆಗಿನ ಪ್ರವೇಶವೇ ಸಮಾಧಾನ, ಅಡ್ಡಲಾಗಿ ಸೀಳುವ ದಾರಿ ಬೇಕಿಲ್ಲ. ಮೂರನೆಯ ಆಕ್ಷೇಪ ಮಾತ್ರ ಉಳಿಯುತ್ತದೆ, ಉಳಿಯಬೇಕು. ಮುದುಕರಿಗಾಗಿ, ಕಾಲಿಲ್ಲದವರಿಗಾಗಿ ನಿಧಾನದ ವಾಹನವನ್ನು ಒಳಗೆ ಕಲ್ಪಿಸದ ಯೋಜನೆ ಎಷ್ಟೇ ಹಸಿರಾಗಿದ್ದರೂ ಅಪೂರ್ಣ.

೫

ಈಗ ಒಂದು ಶಬ್ದವನ್ನು ಕುರಿತು ನಾಲ್ಕು ಮಾತು. ಇಂತಹ ಯೋಜನೆಗಳ ಬರೆಹದಲ್ಲೆಲ್ಲ ಕಾಣಸಿಗುವುದು ಸಕ್ರಿಯ ಸಂಚಾರವೆಂಬ ಮಾತು. ತನ್ನ ದೇಹದ ಬಲದಿಂದಲೇ, ಎಂದರೆ ನಡೆದೋ ಸೈಕಲ್ ತುಳಿದೋ ಹೋಗುವುದು ಎಂದು ಇದರ ಅರ್ಥ. ನಮ್ಮ ರಾಜ್ಯದ ನಗರ ಭೂ ಸಾರಿಗೆ ನಿರ್ದೇಶನಾಲಯ ಈ ಹೆಸರಿನಲ್ಲಿಯೇ ೨೦೨೧ರ ಮಸೂದೆಯೊಂದರ ಕರಡನ್ನು ಸಿದ್ಧಪಡಿಸಿತ್ತು. ನಡೆಯುವವರಿಗೂ ಸೈಕಲ್ ಸವಾರರಿಗೂ ರಸ್ತೆಯ ಮೇಲೆ ಹಕ್ಕಿದೆಯೆಂದು ಸಾರುವುದು ಅದರ ಉದ್ದೇಶ. ಉದ್ದೇಶ ಶ್ಲಾಘ್ಯ.

ಆದರೆ ಹರಿಹರ ತಾಲ್ಲೂಕಿನ ಭಾನುವಳ್ಳಿಯಂತಹ ಊರಿನಲ್ಲಿ ನಿಂತು ಈ ಮಾತನ್ನು ಆಡಿದರೆ ಹೇಗೆ ಕೇಳಿಸೀತು? ಭದ್ರಾ ನಾಲೆಯ ಕೊನೆಯ ಭಾಗದ ಈ ಊರುಗಳಲ್ಲಿ ಗದ್ದೆಗೆ ನಡೆದುಹೋಗುವುದು, ಬದುವಿನ ಮೇಲೆ ಹುಲ್ಲಿನ ಹೊರೆ ಹೊತ್ತು ಬರುವುದು, ಸೈಕಲ್ಲಿನ ಹಿಂದೆ ಹಾಲಿನ ಕ್ಯಾನು ಕಟ್ಟಿಕೊಂಡು ಹೊರಡುವುದು, ಇವುಗಳಿಗೆ ಯಾರೂ ವಿಶೇಷವಾದ ಹೆಸರನ್ನಿಟ್ಟಿಲ್ಲ. ಅದು ಬದುಕು. ಹೆಸರು ಬೇಕಾದುದು ನಡೆಯುವುದನ್ನು ಬಿಟ್ಟವರಿಗೆ. ನಗರದ ವಿಹಾರಿ ಮನೆಯಿಂದ ಉದ್ಯಾನದ ಬಾಗಿಲವರೆಗೆ ಮೋಟಾರಿನಲ್ಲಿ ಬಂದು, ಅದನ್ನು ಬೀದಿಯ ಬದಿಯಲ್ಲಿ ನಿಲ್ಲಿಸಿ, ಒಳಗೆ ಒಂದು ಗಂಟೆ ನಡೆದು, ಮತ್ತೆ ಮೋಟಾರಿನಲ್ಲಿ ಮರಳುತ್ತಾನೆ. ಅವನು ನಿಲ್ಲಿಸಿದ ಮೋಟಾರನ್ನು ಬಳಸಿಕೊಂಡು, ಕಾಲುದಾರಿಯಿಲ್ಲದ ಬೀದಿಯಲ್ಲಿ, ಕೆಲಸಕ್ಕೆ ನಡೆದುಹೋಗುವ ಹೆಂಗಸು ದಿನವೂ ಜೀವವನ್ನು ಕೈಯಲ್ಲಿ ಹಿಡಿದು ಸಾಗುತ್ತಾಳೆ. ಇಬ್ಬರೂ ನಡೆಯುತ್ತಿದ್ದಾರೆ. ಯಾರ ನಡಿಗೆಗಾಗಿ ನಾವು ಹಸಿರು ದಾರಿಯನ್ನು ಮಾಡುತ್ತಿದ್ದೇವೆ?

ಈ ವಿಮರ್ಶೆಯ ತಿರುಳು ಇಲ್ಲಿದೆ. ಉದ್ಯಾನದ ರಸ್ತೆಯನ್ನು ವಿಹಾರಿಗೆ ಕೊಟ್ಟರೆ ಅರ್ಧ ಕೆಲಸವಾಯಿತು. ಸಾರೋಟಿನ ಗಣ್ಯನ ಜಾಗಕ್ಕೆ ಬೂಟು ತೊಟ್ಟ ಗಣ್ಯ ಬಂದಂತಾಯಿತು. ಆ ದಾರಿ ಉದ್ಯಾನದಲ್ಲಿಯೇ ಸುತ್ತಿ ನಿಲ್ಲದೆ, ಬಾಗಿಲಿನಿಂದ ಆಚೆಗೂ ಹರಿದು, ಕಚೇರಿಗೆ, ಶಾಲೆಗೆ, ಸಂತೆಗೆ, ನಿಲ್ದಾಣಕ್ಕೆ ನಡೆದುಹೋಗುವವನ ದಾರಿಯೂ ಆದಾಗಲೇ ಅದಕ್ಕೆ ಪೂರ್ಣವಾದ ಔಚಿತ್ಯ. ನಮ್ಮ ನಾಡಿನ ಹಳೆಯ ಹೆದ್ದಾರಿಗಳ ಸಾಲುಮರಗಳು ವಿಹಾರಕ್ಕಾಗಿ ನೆಟ್ಟವಲ್ಲ. ದೂರ ನಡೆಯಬೇಕಾದವನ ತಲೆಗೆ ನೆರಳಾಗಲೆಂದು ನೆಟ್ಟವು. ಹುಲಿಕಲ್ಲಿನಿಂದ ಕುದೂರಿನವರೆಗಿನ ದಾರಿಯಲ್ಲಿ ಸಾಲುಮರದ ತಿಮ್ಮಕ್ಕನವರು ಆಲದ ಸಸಿಗಳಿಗೆ ನೀರು ಹೊತ್ತು ಬೆಳೆಸಿದ್ದೂ ಉದ್ಯಾನದೊಳಗಲ್ಲ, ರಸ್ತೆಯ ಬದಿಯಲ್ಲಿ. ಹಸಿರು, ನಡಿಗೆ ಎರಡನ್ನೂ ಕೂಡಿಸುವ ಕಲ್ಪನೆಯನ್ನು ನಾವು ಹೊರನಾಡಿನಿಂದ ಎರವಲು ತರಬೇಕಾಗಿಲ್ಲ.

೬

ಕಡೆಯದಾಗಿ ನಮ್ಮ ಊರುಗಳ ಮಾತು. ಹರಿಹರದಲ್ಲಿ ತುಂಗಭದ್ರೆಗೆ ಹೆದ್ದಾರಿಯ ಸೇತುವೆ ಪೂರ್ತಿಯಾದದ್ದು ೧೮೬೮ರಲ್ಲಿ, ಎಂದರೆ ಬೆಂಗಳೂರಿನ ಅಠಾರ ಕಚೇರಿಯ ಕಾಲದಲ್ಲಿಯೇ. ಎತ್ತಿನ ಬಂಡಿಯನ್ನೂ ದಾರಿಹೋಕನನ್ನೂ ದಾಟಿಸಲೆಂದು ಅದು ಎದ್ದಿತು. ಅದೇ ಪುಣೆ ಬೆಂಗಳೂರು ರಸ್ತೆ ಇಂದು ದಾವಣಗೆರೆಯ ನಡುವೆ ಪಿ.ಬಿ. ರಸ್ತೆಯಾಗಿ ಹಾಯುತ್ತದೆ. ದೂರದ ಲಾರಿಗಳಿಗೆ ಊರಿನ ಹೊರಗೆ ಬೇರೆ ಹೆದ್ದಾರಿ ಆದ ಮೇಲೂ ಅದರ ಮೇಲೆ ನಡೆಯುವವನಿಗೆ ನೆಮ್ಮದಿಯಿಲ್ಲ. ೨೦೧೬ರ ಜನವರಿಯಲ್ಲಿ ಪ್ರಕಟವಾದ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯ ೨೦ ನಗರಗಳಲ್ಲಿ ದಾವಣಗೆರೆಯೂ ಒಂದು. ಕುಂದುವಾಡ ಕೆರೆಯ ಏರಿಯ ಮೇಲೆ ಬೆಳಗ್ಗೆ ಸಂಜೆ ಜನ ನಡೆಯುತ್ತಾರೆ. ಹತ್ತಿರದಲ್ಲಿ ಗಾಜಿನ ಮನೆ ಇದೆ. ಆದರೆ ಕೆರೆಯ ಏರಿಗೆ ಹೋಗಿ ನಡೆಯುವುದು ಬೇರೆ, ನಡೆದೇ ಕೆರೆಯ ಏರಿಗೆ ಹೋಗುವುದು ಬೇರೆ. ಎರಡನೆಯದು ಸಾಧ್ಯವಾದ ದಿನ ಊರು ಗೆದ್ದಂತೆ. ಹುಬ್ಬಳ್ಳಿಯಲ್ಲಿ ಉಣಕಲ್ ನಾಲೆಯ ಬದಿಯನ್ನು ಹಿಡಿದು ನಡಿಗೆಗೂ ಸೈಕಲ್ಲಿಗೂ ಹಸಿರು ದಾರಿಯನ್ನು ಮಾಡುವ ಪ್ರಯತ್ನ ನಡೆದಿದೆ. ಭದ್ರಾ ನಾಲೆಯ ನೀರುಣ್ಣುವ ನಮ್ಮ ಸೀಮೆಗೂ ನಾಲೆಯ ಏರಿಗಳು ಅಂತಹ ಯೋಚನೆಯನ್ನು ಕೊಡಬಲ್ಲವು.

ಒಂದು ಆಕ್ಷೇಪ ಇನ್ನೂ ಬರಬಹುದು. ಬೆಂಗಳೂರಿನಲ್ಲಿ ಕಷ್ಟವಾದುದು ನಮ್ಮಲ್ಲಿ ಸುಲಭವೇ ಎಂದು. ಒಂದು ದೃಷ್ಟಿಯಿಂದ ಸುಲಭ. ಅಲ್ಲಿ ಗತಿ ಕೆಟ್ಟ ಮೇಲೆ ಮಾರ್ಗವನ್ನು ತಿದ್ದಬೇಕಾಗಿದೆ. ಹೊಸ ಉದ್ಯಾನಗಳಿಗೆ ನಕ್ಷೆ ಬರೆಯುತ್ತಿರುವ ನಮ್ಮ ಊರುಗಳು ಹಾಯುವವರ ದಾರಿಯನ್ನೂ ಬರುವವರ ದಾರಿಯನ್ನೂ ಮೊದಲೇ ಬೇರೆಮಾಡಬಹುದು. ಬರೆಯುವ ಮುನ್ನ ಯೋಚಿಸುವುದು, ಬರೆದದ್ದನ್ನು ಕೆರೆದು ತಿದ್ದುವುದಕ್ಕಿಂತ ಲೇಸೆಂಬುದು ಗ್ರಂಥಸಂಪಾದನೆಯ ಪರಿಚಯವುಳ್ಳವರಿಗೆ ಹೇಳಬೇಕಾದ ಮಾತಲ್ಲ.

ವಿದ್ಯಾರ್ಥಿಗಳಲ್ಲಿ ಒಂದು ಸೂಚನೆ. ನಿಮ್ಮ ಊರಿನ ಉದ್ಯಾನದ ಬಾಗಿಲಲ್ಲಿ ಒಂದು ಬೆಳಗ್ಗೆ ನಿಂತು, ಒಳಗೆ ಬರುವವರಲ್ಲಿ ಎಷ್ಟು ಜನ ನಡೆದು ಬಂದರು, ಎಷ್ಟು ಜನ ವಾಹನದಿಂದ ಇಳಿದು ಬಂದರು ಎಂದು ಎಣಿಸಿರಿ. ಬಳಿಕ ಅದೇ ಬಾಗಿಲಿನ ಮುಂದಿನ ಬೀದಿಯಲ್ಲಿ, ಒಳಗೆ ತಿರುಗದೆ ನೆಟ್ಟಗೆ ನಡೆದುಹೋದವರನ್ನೂ ಎಣಿಸಿರಿ. ಉದ್ಯಾನದೊಳಗಿನ ಹಾದಿ ಹೇಗಿರಬೇಕೆಂಬ ಚರ್ಚೆಯನ್ನು ಆ ಮೂರನೆಯ ಸಂಖ್ಯೆಯಿಂದ ಆರಂಭಿಸುವುದು ಯುಕ್ತವೆಂದು ನನ್ನ ಅಭಿಪ್ರಾಯ.